ಅಮ್ಮನ ಕರೆಗಂಟೆಗೆ ನನ್ನ ಬೆಸುಗೆ

“ಇನ್ನು ಮುಂದೆ ಈ ಮನೆಯಲ್ಲಿ ಕಡಿದುಹೋದ ಯಾವ ವೈರೂ ಅನಾಥವಲ್ಲ!” ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ದಿಂಬಿನ ಕವರನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿಟ್ಟು, ಆಮೇಲೆ ಕೇಳಿದಳು.

“ಈಗ ಯಾವುದನ್ನ ಕಡಿದ್ರಿ?”

ನೋಡಿ, ನಮ್ಮ ಸಂಸಾರ ನಡೆಯುವುದೇ ಹೀಗೆ. ನಾನು ವೀರಾವೇಶದಿಂದ ಅಟ್ಟ ಹತ್ತಿ ನಿಂತರೆ ಅವಳು ಒಂದೇ ಪ್ರಶ್ನೆಯಲ್ಲಿ ಏಣಿ ತೆಗೆದುಬಿಡುತ್ತಾಳೆ. ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುವವಳು ಅವಳು. ಉತ್ತರ ಏನೆಂದು ನೋಡುವುದಕ್ಕೆ ಮೊದಲು ಲೆಕ್ಕ ಎಲ್ಲಿ ತಪ್ಪಿತು ಎಂದು ನೋಡುವುದು ಅವಳಿಗೆ ಅಭ್ಯಾಸವಾಗಿಹೋಗಿದೆ.

ಕಡಿದದ್ದು ಅಮ್ಮನ ಬೆಲ್ಲಿನ ವೈರು. ಕಡಿದವನು, ಬೇರೆ ಹೇಳಬೇಕೆ, ನಾನೇ. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ರಸ್ತೆಯ ಕಡೆಗೆ ಕಿಟಕಿಯಿರುವ ಮುಂದಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೆವು. ವಾಕರ್ ಹಿಡಿದುಕೊಂಡು ಬಚ್ಚಲಿನ ತನಕ ನಡೆಯುತ್ತಾಳೆ. ಆದರೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. “ಒಬ್ಬರೇ ಎದ್ದು ಓಡಾಡಿ ಇನ್ನೊಂದು ಸಲ ಬಿದ್ರೆ ನನ್ನ ಕೈಲೂ ಏನೂ ಆಗಲ್ಲ” ಎಂದು ಡಾಕ್ಟರು ಎಚ್ಚರಿಸಿ ಕಳಿಸಿದ್ದರು. ಅದಕ್ಕಾಗಿಯೇ ಆ ಬ್ಯಾಟರಿ ಬೆಲ್ಲು. ಮಂಚದ ಕಂಬಿಗೆ ಕಟ್ಟಿದ ಗುಂಡಿಯನ್ನು ಅಮ್ಮ ಒತ್ತಿದರೆ, ಗೋಡೆಗುಂಟ ಹಾದುಹೋದ ವೈರಿನ ಆ ತುದಿಯಲ್ಲಿ, ಅಡುಗೆಮನೆಯ ಒಲೆಯ ಮೇಲ್ಗಡೆ ಮೊಳೆಗೆ ನೇತುಹಾಕಿದ ಬೆಲ್ಲು ಕಿರ್ರೆನ್ನಬೇಕು. ನಾನು ಕೋಣೆ ಗುಡಿಸುವ ಮಹಾಕಾರ್ಯಕ್ಕೆ ಕೈಹಾಕಿ ಮಂಚ ಎಳೆದೆ. ಮಂಚದ ಕಾಲು ವೈರಿನ ಮೇಲೆ ಹರಿಯಿತು. ಕಿರ್ರೆನ್ನುವುದು ನಿಂತಿತು.

“ಹೊಸ ಬೆಲ್ ತನ್ನಿ. ವೈರೇ ಇಲ್ದಿರೋದು ಸಿಗುತ್ತೆ” ಎಂದಳು ಹೆಂಡತಿ.

“ರಿಪೇರಿ ಆಗೋ ವಸ್ತುವನ್ನ ಎಸೆಯೋದು ಸೋಮಾರಿಗಳ ಲಕ್ಷಣ!”

“ರೀ, ನನಗೆ ಬೇಕಾಗಿರೋದು ಒಂದೇ. ಅತ್ತೆ ಕರೆದ್ರೆ ಕೇಳಿಸ್ಬೇಕು. ಸೋಮಾರಿ ಅನ್ನಿಸ್ಕೊಂಡಾದ್ರೂ ಪರವಾಗಿಲ್ಲ.”

ಈ ವಾದಕ್ಕೆ ತೀರ್ಪು ಬಂದದ್ದು ಮುಂದಿನ ಕೋಣೆಯಿಂದ. “ಹೊಸದೆಲ್ಲ ಯಾಕಮ್ಮ? ಇವನೇ ಮಾಡ್ತೀನಿ ಅಂತಿದ್ದಾನಲ್ಲ, ಮಾಡ್ಲಿ ಬಿಡು” ಎಂದಳು ಅಮ್ಮ. ಮಗನ ಪ್ರತಿಭೆಯ ಮೇಲೆ ಹೆತ್ತವಳಿಗಿರುವ ವಿಶ್ವಾಸ ಎಂದರೆ ಇದು ಎಂದುಕೊಂಡು ನಾನು ಉಬ್ಬಿಹೋದೆ.

ಅಂಗಡಿಯಿಂದ ಸಾಲ್ಡರಿಂಗ್ ಐರನ್ ಬಂತು. ಸುರುಳಿ ಸುತ್ತಿದ ಸೀಸದ ತಂತಿ, ಪುಟ್ಟ ಡಬ್ಬಿಯಲ್ಲಿ ಪೇಸ್ಟು, ಬಿಸಿ ತಗುಲಿದರೆ ಕುಗ್ಗಿ ಅಪ್ಪಿಕೊಳ್ಳುವ ಪ್ಲಾಸ್ಟಿಕ್ ಕೊಳವೆಗಳು ಎಲ್ಲವೂ ಬಂದವು. ಗುರುವಾಗಿ ಒಬ್ಬ ವಿಡಿಯೊ ಮಹಾಶಯ ಸಿಕ್ಕಿದ. ಆತನ ಮುಖ ಕಾಣುವುದಿಲ್ಲ, ಎರಡು ಕೈ ಮಾತ್ರ ಕಾಣುತ್ತವೆ. ಮಾತಿಗೊಮ್ಮೆ “ಬಹಳ ಸುಲಭ” ಎನ್ನುತ್ತಾನೆ. ಬಹಳ ಸುಲಭ ಎಂದ ಮೇಲೆ ಪೂರ್ತಿ ಯಾಕೆ ನೋಡಬೇಕು? ಅರ್ಧಕ್ಕೆ ನಿಲ್ಲಿಸಿ ಅಮ್ಮನ ಕೋಣೆಗೆ ನುಗ್ಗಿದೆ.

ಐರನ್ನಿನ ತುದಿಗೆ ಸೀಸದ ತಂತಿ ಮುಟ್ಟಿಸಿದೆ. ಕರಗಿತು! ಹೊಗೆ ಬಂತು! ಕರಗಿದ್ದನ್ನು ವೈರಿನ ಮೇಲೆ ಹನಿಸಿದೆ. ಮೊದಲ ಹನಿ ನೆಲಕ್ಕೆ, ಎರಡನೆಯದು ನನ್ನ ಚಪ್ಪಲಿಗೆ, ಮೂರನೆಯದು ಹೇಗೋ ವೈರಿನ ಮೇಲೆ ಬಿತ್ತು. ಮುತ್ತಿನಂತೆ ಹೊಳೆಯುವ ಗುಂಡು! ಊದಿ ಆರಿಸಿದೆ. ಜೋಡಿ ವೈರಿನ ಇನ್ನೊಂದಕ್ಕೂ ಹಾಗೆಯೇ ಮಾಡಿ, ಮೇಲೆ ಟೇಪು ಸುತ್ತಿ, “ಒತ್ತಮ್ಮ” ಎಂದೆ. ಅಮ್ಮ ಒತ್ತಿದಳು. ಅಡುಗೆಮನೆಯಲ್ಲಿ ಕಿರ್ರ್!

“ಆಯ್ತಾ? ಇಷ್ಟು ಬೇಗ?” ಎಂದಳು ಅಮ್ಮ.

“ಮತ್ತೆ? ಏನಂದ್ಕೊಂಡೆ ನಿನ್ನ ಮಗನ್ನ!”

ಒಂದೆರಡು ದಿನ ಕಳೆಯುವುದರೊಳಗೆ ಬೆಲ್ಲು ಬಾಯಿ ಮುಚ್ಚಿತು. ಟೇಪು ಬಿಚ್ಚಿ ನೋಡಿದರೆ ಮುತ್ತು ಮುತ್ತಾಗಿಯೇ ಇತ್ತು, ವೈರು ಮಾತ್ರ ಅದರೊಳಗಿಂದ ಜಾರಿ ಈಚೆ ಬಂದಿತ್ತು. ನಾನು ಐರನ್ನನ್ನು ಬೈದೆ, ಸೀಸವನ್ನು ಬೈದೆ, ಅಂಗಡಿಯವನನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಹೆಂಡತಿ ಜೋರಾಗಿ ಹೇಳಲಿಲ್ಲ. ಪಾಠಕ್ಕೆ ಬಂದ ಮಗುವಿಗೆ ಹೇಳುವಂತೆ ಹೇಳಿದಳು. “ಪುಟ್ಟಾ, ಹೆಜ್ಜೆ ಬಿಟ್ಟು ಉತ್ತರ ಬರೆದ್ರೆ ಹೀಗೇ ಆಗೋದು.”

ಗುರುಗಳ ವಿಡಿಯೊದ ಉಳಿದರ್ಧ ನೋಡಿದೆ. ಅಲ್ಲಿತ್ತು ಗುಟ್ಟು! ಕಾಯಿಸಬೇಕಾದದ್ದು ಸೀಸವನ್ನಲ್ಲ, ವೈರನ್ನು. ವೈರು ಸಾಕಷ್ಟು ಕಾದರೆ ಸೀಸ ತಾನಾಗಿ ಹರಿದು ಎಳೆ ಎಳೆಯ ನಡುವೆ ಇಳಿಯುತ್ತದೆ. ತಣ್ಣಗಿರುವ ವೈರಿನ ಮೇಲೆ ಬಿಸಿ ಸೀಸ ಸುರಿದರೆ ಅದು ಮೇಲೆ ಕೂತಿರುತ್ತದೆ ಅಷ್ಟೇ, ಸೇರುವುದಿಲ್ಲ. ನೋಡುವವರಿಗೆ ಸೇರಿದ ಹಾಗೇ ಕಾಣುತ್ತದೆ. ಈ ಮಾತು ಕೇಳಿದಾಗ ಯಾಕೋ ನನಗೆ ಸ್ವಲ್ಪ ಇರಿಸುಮುರಿಸಾಯಿತು. ಯಾಕೆಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ.

ಮುಂದಿನ ರಜೆಯ ದಿನ ಬೆಳಿಗ್ಗೆ ಎರಡನೇ ದಂಡಯಾತ್ರೆ. ಒಲೆಯ ಮೇಲೆ ಹಾಲಿಟ್ಟು ಹೆಂಡತಿ ಪಾಠದ ಪುಸ್ತಕ ತಿದ್ದುತ್ತಿದ್ದಳು. ನಾನು ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತು, ಎರಡೂ ವೈರುಗಳ ಮೈ ಸುಲಿದು, ಎಳೆಗಳನ್ನು ಹೆಣೆದು, ಪೇಸ್ಟು ಹಚ್ಚಿ, ಕಾಯಿಸಿದೆ. ಕಾದೆ. ಸೀಸ ಮುಟ್ಟಿಸಿದೆ. ಆಹಾ! ಎಣ್ಣೆ ಹೀರಿದ ಬತ್ತಿಯ ಹಾಗೆ ಎಳೆಗಳು ಸೀಸವನ್ನು ಕುಡಿದುಬಿಟ್ಟವು. ಎರಡೂ ಬೆಸುಗೆಗಳು ಥಳಥಳ! ನಾನು ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟುಕೊಳ್ಳುವಷ್ಟರಲ್ಲಿ ಅಡುಗೆಮನೆಯಲ್ಲಿ ಬೆಲ್ಲು ಹೊಡೆದುಕೊಳ್ಳಲು ಶುರುವಾಯಿತು. ಕಿರ್ರ್ರ್ರ್ರ್... ನಿಲ್ಲುತ್ತಲೇ ಇಲ್ಲ!

ಹೆಂಡತಿ ಓಡಿ ಬಂದಳು. “ಏನಾಯ್ತತ್ತೆ?”

“ನಾನು ಒತ್ತಿಲ್ಲ ಕಣಮ್ಮ!” ಅಮ್ಮ ಎರಡೂ ಕೈ ಎತ್ತಿ ತೋರಿಸಿದಳು.

ಕೊಳವೆ! ಕೊಳವೆ ಹಾಕುವುದು ಮರೆತಿದ್ದೆ! ಬರಿಮೈಯ ಎರಡು ಬೆಸುಗೆಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಗುಂಡಿಯ ಕೆಲಸವನ್ನು ಅವೇ ವಹಿಸಿಕೊಂಡಿದ್ದವು. ಈಗ ಹಾಕೋಣವೆಂದರೆ ಕೊಳವೆ ಹಾಕಲು ತುದಿಯೇ ಇಲ್ಲ, ಎರಡೂ ಕಡೆ ಸೇರಿಹೋಗಿದೆ. ಬೆಸೆಯುವುದಕ್ಕೆ ಮೊದಲೇ ಕೊಳವೆಯನ್ನು ವೈರಿಗೆ ತೊಡಿಸಿ ಆಚೆ ಸರಿಸಿಟ್ಟುಕೊಳ್ಳಬೇಕಿತ್ತು. ಲೋಕದಲ್ಲೆಲ್ಲ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ನಗುತ್ತಾರೆ. ಈ ಬೆಸುಗೆಯ ಲೋಕವೊಂದರಲ್ಲಿ ಮಾತ್ರ ಕುಲಾವಿ ಮೊದಲು, ಕೂಸು ಆಮೇಲೆ!

“ಹೇಗೂ ಬಂದಿದ್ದೀಯಲ್ಲ, ಹಾಗೇ ಬಚ್ಚಲಿಗೆ ಹೋಗಿ ಬಂದುಬಿಡೋಣ” ಎಂದಳು ಅಮ್ಮ. ಹೆಂಡತಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಕೈಗೆ ವಾಕರ್ ಕೊಟ್ಟಳು. ಅಮ್ಮ ವಾಕರನ್ನು ಎತ್ತಿ ಮುಂದಿಟ್ಟಳು. ಇನ್ನೊಮ್ಮೆ ಎತ್ತಿ ಮುಂದಿಟ್ಟಳು. ವಾಕರ್ ಮುಂದೆ ಹೋಗಲೊಲ್ಲದು.

ಆಗ ನೋಡಿದೆ. ವೈರಿನ ಒಂದು ತುದಿಯನ್ನು ಬೆಳಕಿಗೆಂದು ವಾಕರಿನ ಕಂಬಿಯ ಒಳಗಿಂದ ಈಚೆಗೆ ಎಳೆದುಕೊಂಡಿದ್ದೆ. ಹಾಗೆಯೇ ಬೆಸೆದುಬಿಟ್ಟಿದ್ದೆ! ವಾಕರು ಈಗ ಬೆಲ್ಲಿನ ಅವಿಭಾಜ್ಯ ಅಂಗ!

“ತಡಿಯಮ್ಮ!” ಎಂದು ನಾನು ಕೂಗುವುದಕ್ಕೂ ಅಮ್ಮ ಇದ್ದ ಶಕ್ತಿಯನ್ನೆಲ್ಲ ಹಾಕಿ ವಾಕರನ್ನು ನೂಕುವುದಕ್ಕೂ ಸರಿಹೋಯಿತು. ವೈರು ಬಿಗಿಯಿತು. ಅಡುಗೆಮನೆಯಲ್ಲಿ ಮೊಳೆ ಕಿತ್ತ ಸದ್ದು. ಆಮೇಲೆ ಬುಳುಕ್! ಉಕ್ಕಲು ಸಿದ್ಧವಾಗಿದ್ದ ಹಾಲಿನಲ್ಲಿ ಬೆಲ್ಲು ಮುಳುಗಿತು. ಅಲ್ಲಾದರೂ ಸುಮ್ಮನಾಯಿತೇ? ಹಾಲಿನೊಳಗಿಂದಲೇ ಗುರುಗುರು ಎಂದು ಅಮ್ಮನಿಗಾಗಿ ಕರೆಯುತ್ತಲೇ ಇತ್ತು. ನನ್ನ ಬೆಸುಗೆ ಅಷ್ಟು ಗಟ್ಟಿ!

ಇದನ್ನು ನೆನೆದು ನಾವು ಈಗ ನಗುತ್ತೇವೆ. ಆಗ ನಗಲಿಲ್ಲ. ವೈರು ಸಡಿಲಾದ ಕೂಡಲೇ ವಾಕರು ಜಾರಿ ಅಮ್ಮ ಮುಂದಕ್ಕೆ ವಾಲಿದ್ದಳು. ಹೆಂಡತಿ ಹಿಂದಿನಿಂದ ಗಟ್ಟಿಯಾಗಿ ತಬ್ಬಿ ಹಿಡಿದಳು. ಇಬ್ಬರೂ ಹಾಗೆಯೇ ಸ್ವಲ್ಪ ಹೊತ್ತು ನಿಂತುಬಿಟ್ಟರು. ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ನನ್ನ ಕೈಯಲ್ಲಿ ಇನ್ನೂ ಆ ಐರನ್ನಿತ್ತು. ನನಗೆ ಭಯವಾಯಿತು, ನಾಚಿಕೆಯೂ ಆಯಿತು. ಅಮ್ಮನನ್ನು ಮಂಚದ ಮೇಲೆ ಕೂರಿಸಿದ ಮೇಲೆ ಹೆಂಡತಿ ಹೇಳಿದ್ದು ಒಂದೇ ಮಾತು.

“ಆಟ ಆಡೋದಾದ್ರೆ ಬೇರೆ ವೈರಲ್ಲಿ ಆಡಿ. ಇದು ಅತ್ತೆಯ ದನಿ.”

ಆ ಸಂಜೆಯಿಂದ ನಾನು ನಿಜವಾಗಿ ಕಲಿಯಲು ಕೂತೆ. ಕಚೇರಿಯಲ್ಲಿ ನನ್ನ ಕೆಲಸ ಬಂದ ಕಡತವನ್ನು ಮುಂದಿನ ಮೇಜಿಗೆ ದೂಡುವುದು. ಸೇರಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸವಲ್ಲ. ಇಲ್ಲಿ ಹಾಗಲ್ಲ. ಊಟದ ಮೇಜಿನ ಮೇಲೆ ಹಳೆಯ ವೈರಿನ ತುಂಡುಗಳನ್ನು ಹರಡಿಕೊಂಡು, ಸುಲಿದು, ಬೆಸೆದು, ಎಳೆದು ನೋಡಿ, ಕಿತ್ತು ಮತ್ತೆ ಬೆಸೆದೆ. ಐರನ್ನಿನ ಮೂತಿಯನ್ನು ಒದ್ದೆ ಸ್ಪಂಜಿಗೆ ಒರೆಸಿ ಚೊಕ್ಕಟ ಇಟ್ಟುಕೊಳ್ಳುವುದು ಕಲಿತೆ. ಆರುವಾಗ ಊದಬಾರದು, ಅಲ್ಲಾಡಿಸಬಾರದು ಎಂದು ಕಲಿತೆ. ಆರುವ ಆ ಕೊಂಚ ಹೊತ್ತು ಅಲುಗಿದರೆ ಹೊಳೆಯಬೇಕಾದ ಬೆಸುಗೆ ಬೂದಿಬಣ್ಣಕ್ಕೆ ತಿರುಗಿ ಒಳಗೇ ಬಿರುಕು ಬಿಡುತ್ತದೆ. ಸುಮ್ಮನೆ ಹಿಡಿದುಕೊಂಡು ಕಾಯಬೇಕು. ನನ್ನಂಥವನಿಗೆ ಅದೇ ಎಲ್ಲಕ್ಕಿಂತ ಕಷ್ಟ! ಬೆರಳುಗಳಿಗೆ ಬೊಬ್ಬೆ ಬಂತು, ಮೇಜಿನ ಬಟ್ಟೆಗೆ ತೂತು ಬಿತ್ತು, ಹೆಂಡತಿ ಐರನ್ನಿಗೆ ‘ಮಂತ್ರದಂಡ’ ಎಂದು ಹೆಸರಿಟ್ಟಳು.

ಮೂರನೆಯ ಸಲ ಎಲ್ಲವೂ ಕ್ರಮಪ್ರಕಾರ. ವಾಕರನ್ನು ಕೋಣೆಯಿಂದಲೇ ಗಡೀಪಾರು ಮಾಡಿದೆ. ಕೊಳವೆಗಳನ್ನು ಮೊದಲು ತೊಡಿಸಿದೆ. ಕಾಯಿಸಿ, ಬೆಸೆದು, ಕಾದು, ಕೊಳವೆ ಸರಿಸಿ ಬಿಗಿಮಾಡಿದೆ. ಹಾಲಿನಲ್ಲಿ ಮಿಂದ ಬೆಲ್ಲನ್ನು ತೊಳೆದು ಒಣಗಿಸಿ, ಒಲೆಯಿಂದ ದೂರ ಬೇರೆ ಮೊಳೆಗೆ ಹಾಕಿದೆ. ಕಿರ್ರ್! ನಿಲ್ಲೆಂದರೆ ನಿಂತಿತು, ಹೊಡೆಯೆಂದರೆ ಹೊಡೆಯಿತು.

ಆಮೇಲಿನ ದಿನಗಳಲ್ಲಿ ಬೆಲ್ಲು ಹೊಡೆದಾಗಲೆಲ್ಲ ಹೆಂಡತಿ ಎದ್ದು ಹೋಗುತ್ತಿದ್ದಳು. ನಾನು ಟಿವಿಯ ಮುಂದೆ ಕೂತಲ್ಲಿಂದಲೇ ಕಿವಿಗೊಟ್ಟು, “ಕೇಳು, ಹೆಂಗಿದೆ ನನ್ನ ಬೆಸುಗೆ!” ಎಂದು ಹೆಮ್ಮೆಪಡುತ್ತಿದ್ದೆ.

ಆ ಹೆಮ್ಮೆಗೂ ದೃಷ್ಟಿ ತಾಗಿತು. ಒಂದು ಸಂಜೆ ಕಚೇರಿಯಿಂದ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ, “ಬೆಲ್ ಆಗ್ತಿಲ್ಲ ಕಣೋ” ಎಂದು ಅಮ್ಮ ಕೋಣೆಯಿಂದ ಕೂಗಿದಳು. ಹೋಗಿ ನೋಡಿದೆ. ನನ್ನ ಬೆಸುಗೆ ಕಲ್ಲಿನಂತೆ ಕೂತಿತ್ತು. ಅದರ ಪಕ್ಕದಲ್ಲಿ, ಎರಡು ಬೆರಳಿನಷ್ಟು ಆಚೆ, ವೈರು ತುಂಡಾಗಿತ್ತು!

ಮಾರನೆಯ ದಿನ ಎದುರು ಮೇಜಿನ ಸಹೋದ್ಯೋಗಿಯ ಮುಂದೆ ಈ ಸಂಗತಿ ಇಟ್ಟೆ. ಅವರಿಗೆ ಕಚೇರಿಯಲ್ಲಿ ‘ತನಿಖಾ ಆಯೋಗ’ ಎಂದು ಅಡ್ಡಹೆಸರು. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಬುಡದಿಂದ ವಿಚಾರಿಸುವವರು.

“ತುಂಡಾದ ಜಾಗ ಹೇಗಿದೆ? ಎಳೆದ ಹಾಗೋ, ಕಚ್ಚಿದ ಹಾಗೋ?”

“ಸ್ವಲ್ಪ ಜಜ್ಜಿದ ಹಾಗಿದೆ.”

“ಇಲಿ!” ಆಯೋಗ ವರದಿ ಒಪ್ಪಿಸಿತು. “ಪ್ಲಾಸ್ಟಿಕ್ ಅಂದ್ರೆ ಅದಕ್ಕೆ ಪ್ರಾಣ.”

ಇಲಿಬೋನು ತಂದೆ. ಬಿಸ್ಕತ್ತು ಸಿಕ್ಕಿಸಿ ಮಂಚದ ಕೆಳಗಿಟ್ಟೆ. ಸರಿಯಾಗಿ ಮುಚ್ಚಿಕೊಳ್ಳುತ್ತದೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಪರೀಕ್ಷಿಸಿದೆ. ಬಹಳ ಚೆನ್ನಾಗಿ ಮುಚ್ಚಿಕೊಂಡಿತು! ನಾನು ಬೋನಿನ ಸಮೇತ ಕೋಣೆಯ ತುಂಬ ಕುಣಿಯುವುದನ್ನು ನೋಡಿ ಅಮ್ಮ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬಿದ್ದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರಂತೆ ಎನ್ನುತ್ತಾರೆ. ನಾನು ಬೆಟ್ಟವನ್ನೂ ಅಗೆದೆ, ಹೆಬ್ಬೆರಳನ್ನೂ ಕಳೆದುಕೊಂಡೆ, ಇಲಿ ಮಾತ್ರ ಸಿಗಲಿಲ್ಲ.

ಹೆಬ್ಬೆರಳು ಊದಿಕೊಂಡಿದ್ದರಿಂದ ವೈರು ಹಿಡಿಯಲು ಇನ್ನೊಂದು ಕೈ ಬೇಕಾಯಿತು. “ನಾನು ಹಿಡ್ಕೊಳ್ತೀನಿ ಕೊಡು” ಎಂದು ಅಮ್ಮ ಮಂಚದ ಅಂಚಿಗೆ ಬಂದು ಕೂತಳು. ಬಟ್ಟೆಗೆ ಹಾಕುವ ಕ್ಲಿಪ್ಪಿನಲ್ಲಿ ವೈರನ್ನು ಕಚ್ಚಿಸಿ ಅವಳ ಕೈಗೆ ಕೊಟ್ಟೆ. ನಾನು ನೆಲದ ಮೇಲೆ, ಅವಳ ಮೊಣಕಾಲಿನ ಹತ್ತಿರ ಕೂತು ಐರನ್ನು ಕಾಯುವುದನ್ನು ಕಾಯುತ್ತಿದ್ದೆ. ಅವಳು ಮಾತು ಶುರುಮಾಡಿದಳು.

ಎದುರು ಮನೆಯ ಮುದುಕ ದಿನಾ ಗೇಟಿಗೆ ಎಣ್ಣೆ ಹಾಕುತ್ತಾನಂತೆ, ಆದರೂ ಅದು ಕಿರುಗುಟ್ಟುತ್ತದಂತೆ. ಅಂಚೆಯವನಿಗೆ ಹೊಸ ಸೈಕಲ್ಲು ಬಂದಿದೆಯಂತೆ, ನಮ್ಮ ಮನೆಯ ಮುಂದೆ ಬಂದಾಗ ಬೇಕೆಂದೇ ಗಂಟೆ ಹೊಡೆಯುತ್ತಾನಂತೆ. ನಾನು ಚಿಕ್ಕವನಿದ್ದಾಗ ಅಲಾರಾಂ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದ್ದೆನಂತೆ. ಉಳಿದುಹೋದ ಒಂದು ಚಕ್ರವನ್ನು ಅಪ್ಪನಿಗೆ ಕಾಣದ ಹಾಗೆ ಅವಳು ಸಕ್ಕರೆ ಡಬ್ಬದಲ್ಲಿ ಬಚ್ಚಿಟ್ಟಿದ್ದಳಂತೆ. ನಾನು “ಹೂಂ, ಹೂಂ” ಎನ್ನುತ್ತ ವೈರು ಕಾಯಿಸಿದೆ. ಸೀಸ ಹರಿಯಿತು. ಐರನ್ನು ತೆಗೆದೆ.

“ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರಲ್ಲ, ಆವತ್ತು ನಿನ್ನನ್ನ ಕೂಗ್ಬೇಕು ಅನ್ನಿಸ್ತು ಕಣೋ. ಬಾಯಿ ಒಣಗಿತ್ತು. ದನಿಯೇ ಬರ್ಲಿಲ್ಲ.”

“ಅಲ್ಲಾಡಬೇಡಮ್ಮ, ಆರ್ತಾ ಇದೆ” ಎಂದೆ ನಾನು.

ಅವಳ ಕೈ ನಡುಗಿತ್ತು. ಬೆಸುಗೆ ಬೂದಿಬಣ್ಣಕ್ಕೆ ತಿರುಗಿತು. “ಹಾಳಾಯ್ತು. ಮತ್ತೆ ಮಾಡ್ಬೇಕು” ಎಂದು ಗೊಣಗಿದೆ. “ಮಾಡು, ಮಾಡು. ಅವಸರ ಏನಿದೆ?” ಎಂದಳು ಅಮ್ಮ. ಅವಳ ಮುಖದಲ್ಲಿ ಬೇಸರವೇ ಇರಲಿಲ್ಲ. ನಾನು ಮತ್ತೆ ಮಾಡಿದೆ. ಈ ಸಲ ಅವಳು ಉಸಿರು ಬಿಗಿಹಿಡಿದು ಕೂತಳು, ಬೆಸುಗೆ ಕನ್ನಡಿಯಂತೆ ಬಂತು. ಎಳೆದು ನೋಡಿದೆ, ನೇತಾಡಿಸಿ ನೋಡಿದೆ. ಎಂಥ ಇಲಿಯೂ ಸೋಲಬೇಕು ಎಂದು ಎದ್ದು ಹೋದೆ.

ಇಲಿ ಸೋಲಲಿಲ್ಲ. ವಾರ ಕಳೆಯುವುದರೊಳಗೆ ಮತ್ತೆ ತುಂಡು! ಮತ್ತೆ ಬೆಸುಗೆಯ ಪಕ್ಕದಲ್ಲೇ! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, “ನೋಡು, ವೈರು ಹೋದ್ರೂ ನನ್ನ ಜಾಯಿಂಟು ಹೋಗಿಲ್ಲ” ಎಂದು ನಾನು ಹೆಂಡತಿಗೆ ತೋರಿಸಿದೆ. ಅವಳ ಗಮನ ಬೇರೆ ಕಡೆ ಇತ್ತು.

“ಅದಿರ್ಲಿ, ನೈಲ್ ಕಟರ್ ಎಲ್ರೀ? ನಿಮ್ಮ ಪ್ರಯೋಗಶಾಲೆಗೆ ತಗೊಂಡ್ರಾ?”

“ನಾನು ಮುಟ್ಟಿಲ್ಲ.”

“ಕನ್ನಡಿ ಪಕ್ಕದ ಮೊಳೆಯಲ್ಲಿ ಇರೋ ವಸ್ತು ಕಾಲು ಬಂದು ನಡ್ಕೊಂಡು ಹೋಯ್ತಾ?”

“ಅದನ್ನೂ ಇಲಿ ತಗೊಂಡು ಹೋಗಿರ್ಬೇಕು.”

“ಉಗುರು ಕತ್ತರಿಸ್ಕೊಳ್ಳೋಕಾ?”

ನಾನು ಐರನ್ನು, ಸೀಸ, ಪೇಸ್ಟು, ಕೊಳವೆಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಅಮ್ಮನ ಕೋಣೆಗೆ ನಡೆದೆ. ಅಮ್ಮ ಆಗಲೇ ಮಂಚದ ಅಂಚಿಗೆ ಸರಿದು, ಕೈಯಲ್ಲಿ ಬಟ್ಟೆ ಕ್ಲಿಪ್ಪು ಹಿಡಿದು ತಯಾರಾಗಿ ಕೂತಿದ್ದಳು! ಹೆಂಡತಿ ಹಾಸಿಗೆ ಬಟ್ಟೆ ಬದಲಿಸಲು ನನ್ನ ಹಿಂದೆಯೇ ಬಂದಳು. “ಅತ್ತೆ, ಸ್ವಲ್ಪ ದಿಂಬು ಕೊಡಿ” ಎಂದಳು. “ನಾಳೆ ತೆಗಿಯಮ್ಮ, ಇನ್ನೂ ಕೊಳೆ ಆಗಿಲ್ಲ” ಎಂದಳು ಅಮ್ಮ. ಅಷ್ಟರಲ್ಲಿ ಹೆಂಡತಿ ದಿಂಬನ್ನು ಎತ್ತಿ, ಹಳೆಯ ಕವರು ಎಳೆದು ಕೊಡವಿದಳು.

ಠಣ್ಣೆಂದು ನೈಲ್ ಕಟರ್ ನೆಲಕ್ಕೆ ಬಿತ್ತು.

ನಾನು ಎತ್ತಿಕೊಂಡೆ. ಅದರ ಹಲ್ಲಿನ ಸಂದಿಯಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಚೂರು ಸಿಕ್ಕಿಕೊಂಡಿತ್ತು. ಬೆಲ್ಲಿನ ವೈರಿನ ಬಣ್ಣವೂ ಕೆಂಪೇ. ಅಮ್ಮ ಕಿಟಕಿಯ ಆಚೆ ಬಹಳ ಆಸಕ್ತಿಯಿಂದ ನೋಡತೊಡಗಿದಳು.

“ಏನಮ್ಮ ಇದು?”

“ಇವಳು ಇಲ್ಲೇ ಮರೆತು ಹೋಗಿದ್ಲು, ಉಗುರು ಕತ್ತರಿಸ್ಕೊಂಡೆ.”

“ಕೆಂಪು ಉಗುರಾ?”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಮ್ಮ ಇನ್ನು ಬಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡಳೋ ಏನೋ, ನನ್ನ ಕಡೆಗೆ ತಿರುಗಿ ದಬಾಯಿಸಿದಳು.

“ಏನು ಮಾಡ್ಲಿ ಮತ್ತೆ? ಮೊದಲನೇ ಸಲ ನೀನೇ ಕಡಿದೆ. ಎರಡನೇ ಸಲ ಅದೇ ಬಿಟ್ಕೊಳ್ತು. ಆಮೇಲೆ ನಾನೂ ಎಳೆದೆ, ತಿರುಚಿದೆ, ಹಲ್ಲಲ್ಲೂ ಕಚ್ಚಿದೆ. ನಿನ್ನ ಜಾಯಿಂಟು ಜಪ್ಪಯ್ಯ ಅಂದ್ರೂ ಬರ್ಲಿಲ್ಲ. ಅದಕ್ಕೇ ಪಕ್ಕದಲ್ಲಿ ಕತ್ತರಿಸ್ಬೇಕಾಯ್ತು!”

ನನ್ನ ಮೂರ್ಖತನವನ್ನು ಏನೆಂದು ಹೇಳಲಿ? ಆ ಕ್ಷಣ ನನ್ನ ಎದೆ ಹಿಗ್ಗಿತು! ಕಚೇರಿಯಲ್ಲಿ ಇಷ್ಟು ವರ್ಷ ದುಡಿದರೂ ನನ್ನ ಕೆಲಸಕ್ಕೆ ಇಂಥ ಪ್ರಶಸ್ತಿ ಸಿಕ್ಕಿರಲಿಲ್ಲ. ಹೆಂಡತಿಯ ಕಡೆ ತಿರುಗಿ, “ಕೇಳಿಸ್ತಾ?” ಎಂದೆ.

“ನನಗೆ ಕೇಳಿಸ್ತು” ಎಂದಳು ಅವಳು. ಈಗ ಅವಳು ನಗುತ್ತಿರಲಿಲ್ಲ. “ನಿಮಗೆ ಕೇಳಿಸ್ತಾ?”

ಆಗ ಹೊಳೆಯಿತು, ಕೇಳಬೇಕಾದ ಪ್ರಶ್ನೆ ಬೇರೆ ಇದೆ ಎಂದು.

“ಯಾಕಮ್ಮ ಕತ್ತರಿಸ್ದೆ?”

ಅಮ್ಮ ಕ್ಲಿಪ್ಪನ್ನು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

“ಬೆಲ್ ಹೊಡೆದ್ರೆ ಅವಳು ಬರ್ತಾಳೆ. ಬೆಲ್ ಕೆಟ್ರೆ ನೀನು ಬರ್ತೀಯ.”

ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ಎರಡೂ ಮಾಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳನ್ನು ನೋಡಿಕೊಳ್ಳುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಔಷಧಿ ತರುತ್ತಿದ್ದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ, ಬೆಳಿಗ್ಗೆ ಬಾಗಿಲಲ್ಲಿ ನಿಂತು “ಬರ್ತೀನಮ್ಮ”, ಸಂಜೆ ಅದೇ ಬಾಗಿಲಲ್ಲಿ ನಿಂತು “ಬಂದೆ ಕಣಮ್ಮ” ಎನ್ನುತ್ತಿದ್ದೆ. ಹೊಸ್ತಿಲು ದಾಟಿ ಒಳಗೆ ಹೋಗಿ ಕೂತದ್ದು ವೈರಿಗಾಗಿ. ಆಪರೇಷನ್ನಿನ ದಿನದ ಮಾತು ಹೇಳಿದಾಗ ನಾನು ಏನೆಂದಿದ್ದೆ? ಅಲ್ಲಾಡಬೇಡಮ್ಮ ಎಂದಿದ್ದೆ. ಕೊಳವೆ ತೊಡಿಸಿ, ಕಾಯಿಸಿ, ಬೆಸೆದೆ. ಅಮ್ಮ ಕೈ ಅಲುಗಿಸದೆ ವೈರು ಹಿಡಿದಿದ್ದಳು. ಆ ದಿನ ಬೆಸುಗೆಯನ್ನು ಬೂದಿಬಣ್ಣ ಮಾಡಿದವನು ನಾನು, ಮತ್ತೆ ಮಾಡಬೇಕಾಯಿತು.

ಹೆಂಡತಿ ನೈಲ್ ಕಟರನ್ನು ಒರೆಸಿ ಕನ್ನಡಿ ಪಕ್ಕದ ಮೊಳೆಗೆ ಹಾಕಿದಳು. ಇಲಿಬೋನು ಅಟ್ಟ ಸೇರಿತು. ‘ತನಿಖಾ ಆಯೋಗ’ಕ್ಕೆ ಇಲಿ ಸಿಕ್ಕಿತೆಂದು ಮಾತ್ರ ಹೇಳಿದೆ. “ಎಷ್ಟು ದೊಡ್ಡದು?” ಎಂದು ಅವರು ವಿಚಾರಣೆ ಮುಂದುವರಿಸಿದರು. “ನಮ್ಮ ಮನೆಯಲ್ಲಿ ಅದೇ ಎಲ್ಲರಿಗಿಂತ ದೊಡ್ಡದು” ಎಂದೆ.

ಇನ್ನು ಮೇಲೆ ಬೆಲ್ಲಿಗೆ ನಾನೇ ಹೋಗುವುದು! ಇದು ನನ್ನ ಹೊಸ ಘೋಷಣೆ. ಮಾರನೆಯ ಸಂಜೆ ಕಿರ್ರೆಂದ ಕೂಡಲೇ ಟಿವಿ ಆರಿಸಿ, ಹೆಂಡತಿಯನ್ನು ದಾಟಿಕೊಂಡು ಓಡಿದೆ. ಏದುಸಿರು ಬಿಡುತ್ತ ಮಂಚದ ಮುಂದೆ ನಿಂತೆ. ಅಮ್ಮ ಗಾಬರಿಯಾದಳು.

“ನೀನ್ಯಾಕೆ ಬಂದೆ? ಬೆಲ್ ಚೆನ್ನಾಗೇ ಇದೆಯಲ್ಲ!”

“ಏನು ಬೇಕಮ್ಮ? ನಾನೇ ಮಾಡ್ತೀನಿ.”

“ನೀರು ಬೇಕಿತ್ತು. ಅವಳನ್ನ ಕಳ್ಸು. ನೀನು ತಂದ್ರೆ ಅರ್ಧ ದಾರಿಯಲ್ಲೇ ಇರುತ್ತೆ.”

ನಾನೇ ತಂದೆ. ಅವಳು ಹೇಳಿದಷ್ಟೇ ದಾರಿಯಲ್ಲಿ ಉಳಿಯಿತು. ಉಳಿದರ್ಧ ಅವಳು ಕುಡಿದಳು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಈಗ ಮಾತಾಡಬೇಕು! “ತಿಂಡಿ ಆಯ್ತಾ?” ಎಂದೆ. ಆಗಷ್ಟೇ ಇಬ್ಬರೂ ಜೊತೆಗೇ ತಿಂದಿದ್ದೆವು. “ಮಾತ್ರೆ ತಗೊಂಡ್ಯಾ?” ಎಂದೆ. ಕೊಟ್ಟವನು ನಾನೇ. ಆಮೇಲೆ ನನ್ನ ಬಂಡವಾಳ ಮುಗಿಯಿತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟೆ, ಎದೆಗೆ ಕಟ್ಟಿಕೊಂಡೆ, ಮತ್ತೆ ತೊಡೆಯ ಮೇಲಿಟ್ಟೆ. ಗೋಡೆ ಗಡಿಯಾರ ನೋಡಿದೆ. ಹೊರಗೆ ಎದುರು ಮನೆಯ ಗೇಟು ಕಿರುಗುಟ್ಟಿತು. ಅಮ್ಮನೂ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದರಿಂದ ಅವಳಿಗೂ ಮಾತು ಬರಲಿಲ್ಲ.

ಕೊನೆಗೆ ನಿಟ್ಟುಸಿರು ಬಿಟ್ಟು, ದಿಂಬಿನ ಕೆಳಗೆ ಕೈಹಾಕಿ ತಡಕಾಡಿ, ನೈಲ್ ಕಟರನ್ನು ಈಚೆಗೆ ತೆಗೆದಳು. ಕನ್ನಡಿ ಇರುವುದು ನಡುಮನೆಯಲ್ಲಿ, ಅಮ್ಮ ಒಬ್ಬಳೇ ಅಲ್ಲಿಗೆ ಹೋಗಲಾರಳು. ಅದನ್ನು ಮೊಳೆಯಿಂದ ತೆಗೆದು ಮತ್ತೆ ಅವಳ ದಿಂಬಿನಡಿಗೆ ಸೇರಿಸಿದವರು ಯಾರೆಂದು ನಾನು ಕೇಳಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು, ಯಾರೋ ಕಿವಿಗೊಟ್ಟಿರುವುದು ಮಾತ್ರ ತಿಳಿಯುತ್ತಿತ್ತು.

“ತಗೋ” ಎಂದಳು ಅಮ್ಮ, ಅದನ್ನು ನನ್ನ ಕಡೆಗೆ ಚಾಚಿ. “ಈ ಸಲ ನೀನೇ ಕತ್ತರಿಸು. ನನಗೆ ಕೈ ನೋವು.”